ಒಂದೇ ಹಕ್ಕಿ ಕಾಣುತ್ತಿದೆ, ಇನ್ನೊಂದು ಎಲ್ಲಿ? ಬಂಡೆಯಲ್ಲಿ ಕಾವು ಕೂತ ಶಾಹೀನ್ ಚಾಣವನ್ನು ನೋಡುವ ಬಗೆ

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮೂರ ಹಿಂದಿನ ಬೆಟ್ಟದ ಕಡಿದಾದ ಬಂಡೆಯಲ್ಲಿ ಡಿಸೆಂಬರ್ ಕೊನೆಯಿಂದ ಎರಡು ಗಿಡುಗದಂಥ ಹಕ್ಕಿಗಳು ಕೂಗುತ್ತ ಹಾರಾಡುತ್ತಿದ್ದವು. ತಲೆ ಕಪ್ಪು, ಹೊಟ್ಟೆ ಇಟ್ಟಿಗೆಯ ಬಣ್ಣ. ಇದು ಪೆರೆಗ್ರಿನ್ ಫಾಲ್ಕನ್ ಎಂದು ಗೆಳೆಯರೊಬ್ಬರು ಹೇಳಿದರು. ಫೆಬ್ರವರಿ 5ರಿಂದ ಈಚೆಗೆ ಒಂದೇ ಹಕ್ಕಿ ಕಾಣುತ್ತಿದೆ. ಊರಿನಲ್ಲಿ ಪಾರಿವಾಳ ಸಾಕುವವರಿಗೆ ಇವುಗಳ ಮೇಲೆ ಸಿಟ್ಟಿದೆ. ಇನ್ನೊಂದನ್ನು ಯಾರಾದರೂ ಕೊಂದಿರಬಹುದೇ? ಬೆಟ್ಟದ ತುದಿಯಿಂದ ಹಗ್ಗ ಬಿಟ್ಟು ಇಳಿದೋ, ಸ್ನೇಹಿತನ ಡ್ರೋನ್ ಹಾರಿಸಿಯೋ ಗೂಡನ್ನು ನೋಡಬಹುದೇ? ಬೆಟ್ಟದ ಎದುರಿಗೆ ಹೊಲಗಳಿವೆ, ನನ್ನ ಬಳಿ 8×42 ಬೈನಾಕ್ಯುಲರ್ ಇದೆ.

ಉತ್ತರ: ನಿಮ್ಮ ಪತ್ರದಲ್ಲಿದ್ದ ಬೆಟ್ಟದ ಹೆಸರನ್ನು ಮತ್ತು ಊರಿನ ಹೆಸರನ್ನು ಬೇಕೆಂದೇ ತೆಗೆದು ಹಾಕಿದ್ದೇನೆ, ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಆತಂಕದ ಮಾತು. ಡಿಸೆಂಬರಿನಿಂದ ಜೋಡಿಯಾಗಿ ಗದ್ದಲ ಮಾಡುತ್ತಿದ್ದ ಹಕ್ಕಿಗಳಲ್ಲಿ ಫೆಬ್ರವರಿ ಮೊದಲ ವಾರದಲ್ಲಿ ಒಂದು ಕಣ್ಮರೆಯಾಯಿತು ಎಂದರೆ ಅದು ಸತ್ತಿದೆ ಎನ್ನುವುದಕ್ಕಿಂತ ಕಾವು ಕೂತಿದೆ ಎನ್ನುವುದಕ್ಕೇ ಹೆಚ್ಚು ಸಾಧ್ಯತೆಯಿದೆ. ಹಾಗೆ ಕೂತಿದ್ದರೆ ಹಗ್ಗವೂ ಡ್ರೋನೂ ನೀವು ಈಗ ಮಾಡಬಹುದಾದ ಕೆಲಸಗಳಲ್ಲಿ ಅತ್ಯಂತ ಕೆಟ್ಟವು. ಹಕ್ಕಿ ಬದುಕಿದೆಯೇ ಎಂಬುದನ್ನು ಗೂಡಿಗೆ ಇಣುಕದೆಯೇ, ಬೆಟ್ಟವನ್ನೇ ಹತ್ತದೆಯೇ, ಎರಡು ಬೆಳಗಿನ ಹೊತ್ತು ಕೂತು ಖಚಿತ ಮಾಡಿಕೊಳ್ಳಬಹುದು.

ಹಕ್ಕಿ ಯಾವುದು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳೋಣ. ನಮ್ಮ ಹಳ್ಳಿಗಳಲ್ಲಿ ಕೊಕ್ಕು ಬಾಗಿದ್ದಕ್ಕೆಲ್ಲ ಗಿಡುಗವೆಂದೋ ಡೇಗೆಯೆಂದೋ ಹೆಸರು. ಬೇಟೆಗೆ ಪಳಗಿಸುತ್ತಿದ್ದ ಹಕ್ಕಿಗೆ ‘ಸಾಳುವ’ ಎಂಬ ಹಳೆಯ ಮಾತು ನಿಘಂಟಿನಲ್ಲಿ ಉಳಿದುಕೊಂಡಿದೆ. ಪೆರೆಗ್ರಿನ್ ಗುಂಪಿನ ಹಕ್ಕಿಗಳನ್ನು ಕನ್ನಡದ ಹಕ್ಕಿಪ್ರಿಯರು ‘ಚಾಣ’ ಎನ್ನುವುದುಂಟು, ನಾನೂ ಅದನ್ನೇ ಬಳಸುತ್ತೇನೆ. ನಮ್ಮ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಈ ಜಾತಿಯ ಎರಡು ಬಗೆಗಳು ಕಾಣಸಿಗುತ್ತವೆ. ಒಂದು ಇಲ್ಲಿಯದೇ ಆದ ಶಾಹೀನ್. 1837ರಲ್ಲಿ ಸುಂಡೆವಾಲ್ ಎಂಬ ಸ್ವೀಡನ್ನಿನ ವಿಜ್ಞಾನಿ ಇದಕ್ಕೆ ‘ಪೆರೆಗ್ರಿನೇಟರ್’ ಎಂಬ ಹೆಸರಿಟ್ಟರು. ಇನ್ನೊಂದು ಸೈಬೀರಿಯಾದ ಶೀತ ಬಯಲಿನಲ್ಲಿ ಮರಿ ಮಾಡಿ ಚಳಿಗಾಲ ಕಳೆಯಲು ಇತ್ತ ಬರುವ ‘ಕ್ಯಾಲಿಡಸ್’. ವಲಸೆ ಬಂದದ್ದು ಗಾತ್ರದಲ್ಲಿ ತುಸು ದೊಡ್ಡದು, ಎದೆ ಬಿಳುಪು, ಕೆನ್ನೆಯಲ್ಲಿ ಬಿಳಿಯ ತೇಪೆ, ಅದರ ಮುಂದೆ ಇಳಿಬಿದ್ದ ಮೀಸೆಯಂಥ ಕಪ್ಪು ಗೆರೆ. ಅದು ಹೆಚ್ಚಾಗಿ ಕೆರೆಗಳ ಸುತ್ತ ಬಾತು, ಗೊರವ ಮೊದಲಾದ ನೀರುಹಕ್ಕಿಗಳ ಹಿಂದೆ ಬೀಳುತ್ತದೆ, 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯತೊಡಗಿದ ಮೇಲೆ ತುಂಬಿದ ಕೋಲಾರದ ಕೆರೆಗಳ ಏರಿಯ ಮೇಲೆ ನಿಂತು ಅದನ್ನು ಹುಡುಕಬಹುದು. ಅದು ಇಲ್ಲಿ ಎಂದೂ ಗೂಡು ಮಾಡುವುದಿಲ್ಲ, ಬೇಸಿಗೆ ಬಲಿಯುವಷ್ಟರಲ್ಲಿ ಹೊರಟು ಹೋಗುತ್ತದೆ. ಶಾಹೀನ್ ಚಾಣಕ್ಕಾದರೋ ಟೋಪಿ ಹಾಕಿದಂತೆ ತಲೆ, ಕೆನ್ನೆಯೆಲ್ಲ ಒಂದೇ ಕಪ್ಪು, ಕೊರಳು ಬಿಳಿ, ಅಲ್ಲಿಂದ ಕೆಳಗೆ ನೀವು ಬರೆದ ಹಾಗೆಯೇ ಇಟ್ಟಿಗೆಯ ಕೆಂಪು. ಇಟ್ಟಿಗೆಯ ಬಣ್ಣವೆಂದು ನೀವು ಬರೆದ ಒಂದು ಪದದಿಂದಲೇ ಅರ್ಧ ಕೆಲಸ ಮುಗಿದಿದೆ.

ಅನುಮಾನ ಉಳಿದರೆ ಹಾರಾಟವನ್ನು ನೋಡಿ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ನೆಲ ನೋಡುವ ಹಕ್ಕಿ ಕೆಸ್ಟ್ರೆಲ್ ಎಂಬ ಚಿಕ್ಕ ಚಾಣ. ಶಿಕ್ರಾ ಎಂಬ ಸಣ್ಣ ಗಿಡುಗಕ್ಕೆ ರೆಕ್ಕೆಯ ತುದಿ ದುಂಡಗೆ, ಅದು ಬಂಡೆಗಿಂತ ಮರಗಳ ಹಕ್ಕಿ. ಶಾಹೀನಿನ ರೆಕ್ಕೆ ಕುಡುಗೋಲಿನಂತೆ ಚೂಪು, ಬಡಿತ ಬಿಗಿ ಮತ್ತು ಚಿಕ್ಕದು, ಎದೆ ಭಾರ. ಮೇಲಿನಿಂದ ರೆಕ್ಕೆ ಮಡಚಿ ಎರಗುವಾಗ ಈ ಜಾತಿಯ ಹಕ್ಕಿ ಗಂಟೆಗೆ 300 ಕಿಲೋಮೀಟರ್ ವೇಗವನ್ನು ಮೀರುತ್ತದೆ, ಪ್ರಾಣಿಗಳಲ್ಲಿ ಇದಕ್ಕಿಂತ ವೇಗವಾದದ್ದು ಇಲ್ಲ.

ಇನ್ನು ಗೂಡು. ಈ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಚಾಣಗಳು ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ಕಡಿದಾದ ಬಂಡೆಯ ನಡುವೆ ಚಾಚಿಕೊಂಡ ಅಂಚಿನಲ್ಲೋ ಪೊಟರೆಯಲ್ಲೋ ಇರುವ ಮಣ್ಣು, ಗರಸನ್ನು ಎದೆಯಿಂದ ಒತ್ತಿ, ಕಾಲಿನಿಂದ ಕೆದರಿ, ತಟ್ಟೆಯಷ್ಟು ತಗ್ಗು ಮಾಡಿಕೊಂಡು ಅದರಲ್ಲೇ ಮೊಟ್ಟೆ ಇಡುತ್ತವೆ. ಬಂಡೆಯ ಮೇಲೆ ದೊಡ್ಡ ಕಡ್ಡಿಯ ರಾಶಿ ಕಂಡರೆ ಅದು ಬೊನೆಲ್ಲಿ ಹದ್ದಿನಂಥ ಬೇರೆ ಹಕ್ಕಿಯದು, ಅಥವಾ ಬೇರೆಯವರು ಬಿಟ್ಟುಹೋದ ಗೂಡಿಗೆ ಚಾಣ ಬಂದು ಸೇರಿರಬಹುದು. ಬಂಡೆಯ ಮೇಲಿನ ಬಿಳಿ ಗೆರೆಗಳನ್ನು ನೋಡಿ ಗೂಡೆಂದು ತೀರ್ಮಾನಿಸುವುದೂ ಅವಸರವೇ. ಹಿಕ್ಕೆಯ ಗೆರೆಗಳು ಹಕ್ಕಿ ದಿನವೂ ಕೂರುವ ಕೋಡುಗಲ್ಲಿನ ಕೆಳಗೂ ಇರುತ್ತವೆ, ಪಾರಿವಾಳಗಳು ತಂಗುವ ಬಿರುಕಿನ ಕೆಳಗೂ ಇರುತ್ತವೆ, ಅದೇ ಬೆಟ್ಟದಲ್ಲಿ ನೆಲೆಸಿದ ಕೊಂಬಿನ ಗೂಬೆಯ ಗವಿಯ ಬಾಯಲ್ಲೂ ಇರುತ್ತವೆ. ನನ್ನ ಅನುಭವದಲ್ಲಿ ಕಾವಿನ ದಿನಗಳಲ್ಲಿ ಗೂಡಿನ ಅಂಚು ಅಕ್ಕಪಕ್ಕದ ಕೂರುಗಲ್ಲುಗಳಿಗಿಂತ ಸ್ವಚ್ಛವಾಗಿಯೇ ಕಾಣುತ್ತದೆ. ಅಲ್ಲಿ ಸುಣ್ಣ ಬಳಿದಂತೆ ಆಗುವುದು ಮರಿಗಳು ದೊಡ್ಡವಾದ ಮೇಲೆ.

ಆದ್ದರಿಂದ ಬಂಡೆಯನ್ನು ಬಿಟ್ಟು ಹಕ್ಕಿಯ ನಡೆಯನ್ನು ಓದಬೇಕು. ಶಾಹೀನ್ ಮರಿ ಮಾಡುವ ಕಾಲ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ನೀವು ಡಿಸೆಂಬರಿನಲ್ಲಿ ಕಂಡ ಗದ್ದಲವೇ ಅದರ ಮೊದಲ ಅಂಕ: ಜೋಡಿ ಒಟ್ಟಿಗೆ ಸುತ್ತುವುದು, ಗಂಡು ಆಕಾಶದಿಂದ ಎರಗುತ್ತ ಬಂಡೆಯ ಮುಂದೆ ಬಾಗಿ ಏಳುವುದು, ಬೇಟೆಯನ್ನು ತಂದು ಹೆಣ್ಣಿಗೆ ಕೊಡುವುದು, ಇಬ್ಬರೂ ಅಂಚಿನ ಮೇಲೆ ತಲೆ ತಗ್ಗಿಸಿ ಎದುರುಬದುರು ನಿಂತು ಎಣ್ಣೆ ಕಾಣದ ಬಾಗಿಲಿನಂಥ ಕಿರುದನಿ ಹೊರಡಿಸುವುದು. ಆಮೇಲೆ ಹೆಣ್ಣು ದಿನಗಟ್ಟಲೆ ಅಂಚಿನ ಆಸುಪಾಸಿನಲ್ಲೇ ಮೈಭಾರವಾದಂತೆ ಕೂತಿರುತ್ತದೆ. ಎರಡು ದಿನಕ್ಕೊಂದರಂತೆ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ, ಕೊನೆಯದಕ್ಕೆ ಮುಂಚಿನ ಮೊಟ್ಟೆ ಬಂದಾಗ ಪೂರ್ತಿ ಕಾವಿಗೆ ಕೂರುತ್ತದೆ. ಅಲ್ಲಿಂದ ಬೆಟ್ಟವೇ ಬರಿದಾದಂತೆ ತೋರುತ್ತದೆ. ಎಷ್ಟೋ ಜನ ಈ ಹಂತದಲ್ಲಿ ‘ಹಕ್ಕಿ ಹೊರಟುಹೋಯಿತು’ ಎಂದು ನೋಡುವುದನ್ನೇ ಬಿಡುತ್ತಾರೆ, ಇಲ್ಲವೇ ನಿಮ್ಮಂತೆ ಗಾಬರಿಯಾಗಿ ಹತ್ತಿರ ಹೋಗುತ್ತಾರೆ. ಕಾಣದಿರುವುದೇ ಇಲ್ಲಿ ದೊಡ್ಡ ಸಾಕ್ಷ್ಯ.

ಈಗ ಆ ಸಾಕ್ಷ್ಯವನ್ನು ಪರೀಕ್ಷಿಸುವ ಕ್ರಮ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲು ನಿಮ್ಮ ಜಾಗದಲ್ಲಿ ಕೂತಿರಿ, ಹತ್ತು ಗಂಟೆಯವರೆಗೆ ಏಳಬೇಡಿ. ಮೊದಲ ಒಂದು ತಾಸು ಏನೂ ನಡೆಯದೆ ಹೋಗಬಹುದು. ನೀವು ಕಾಯುತ್ತಿರುವುದು ಗಂಡು ಬೇಟೆ ತರುವ ಗಳಿಗೆಗೆ. ಹೋದ ವರ್ಷದ ನನ್ನ ಟಿಪ್ಪಣಿ ಪುಸ್ತಕದ ಒಂದು ಬೆಳಗನ್ನು ಇದ್ದಂತೆಯೇ ಬಿಡಿಸಿ ಹೇಳುತ್ತೇನೆ. 6.20ಕ್ಕೆ ಬಂಡೆಯ ಬಲಗಡೆಯ ಒಣಮರದ ಮೇಲೆ ಗಂಡು ಒಂದೇ ಕೂತಿತ್ತು, ರೆಕ್ಕೆ ಕೊಡವಿಕೊಳ್ಳುತ್ತಿತ್ತು. 6.34ಕ್ಕೆ ಕಣಿವೆಯ ಕಡೆಗೆ ಹಾರಿಹೋಯಿತು. 7.11ಕ್ಕೆ ತಿರುಗಿ ಬಂದಾಗ ಹಾರಾಟ ಭಾರವಾಗಿತ್ತು, ಬಾಲದ ಕೆಳಗೆ ಏನೋ ಹಸಿರು ನೇತಾಡುತ್ತಿತ್ತು, ಗಿಳಿ. ಬಂಡೆಯ ಮುಂದೆ ಬಂದು ಎರಡು ಬಾರಿ ಕೂಗಿತು. ಅಲ್ಲಿಯವರೆಗೆ ಬರೀ ನೆರಳೆಂದು ನಾನು ಬಗೆದಿದ್ದ ಪೊಟರೆಯಿಂದ ಹೆಣ್ಣು ಹೊರಬಿದ್ದು, ಗಂಡಿನ ಕೆಳಗೆ ಮಗುಚಿಕೊಂಡು, ಗಾಳಿಯಲ್ಲೇ ಗಿಳಿಯನ್ನು ಕಿತ್ತುಕೊಂಡು ಎಡಗಡೆಯ ಚಪ್ಪಟೆ ಕಲ್ಲಿಗೆ ಒಯ್ದಿತು. ಗಂಡು ಅದೇ ಪೊಟರೆಯೊಳಗೆ ಹೊಕ್ಕಿತು. ಹದಿನೆಂಟು ನಿಮಿಷ ಹಸಿರು ಪುಕ್ಕಗಳು ಗಾಳಿಗೆ ತೇಲುತ್ತಿದ್ದವು. 7.30ಕ್ಕೆ ಹೆಣ್ಣು ಕೊಕ್ಕನ್ನು ಕಲ್ಲಿಗೆ ಉಜ್ಜಿ ಒಳಗೆ ಹೋಯಿತು, ಗಂಡು ಹೊರಗೆ ಬಂತು. ಆಮೇಲೆ ಹತ್ತು ಗಂಟೆಯವರೆಗೂ ಒಂದೇ ಹಕ್ಕಿ.

ನೋಡಿ, ಮೂರೂವರೆ ತಾಸಿನಲ್ಲಿ ಹೆಣ್ಣು ಕಂಡದ್ದು ಇಪ್ಪತ್ತು ನಿಮಿಷವೂ ಇಲ್ಲ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಹೆಣ್ಣು ಬದುಕಿದೆ, ಮೊಟ್ಟೆಗಳಿವೆ, ಯಾವ ಪೊಟರೆಯಲ್ಲಿವೆ, ಗಂಡು ತನ್ನ ಪಾಲಿನ ಕಾವನ್ನು ಕೂರುತ್ತಿದೆ ಎಂಬ ನಾಲ್ಕು ಸಂಗತಿಗಳು ಸಿಕ್ಕಿದವು. ನಿಮಗೂ ಇದೇ ಕಂಡರೆ ಪಾರಿವಾಳದವರ ಮೇಲಿನ ಅನುಮಾನವನ್ನು ಅಲ್ಲಿಗೇ ಬಿಡಿ. ಎರಡು ಹಕ್ಕಿಗಳನ್ನು ಜೊತೆಯಲ್ಲಿ ನೋಡಿದಾಗ ಮಾತ್ರ ಗಂಡು ಹೆಣ್ಣನ್ನು ಗುರುತಿಸುವುದು ಸುಲಭ. ಹೆಣ್ಣು ಎದ್ದು ಕಾಣುವಷ್ಟು ದೊಡ್ಡದು. ಹೊರಗೆ ಕಾಣುವ ಒಂಟಿ ಹಕ್ಕಿ ಸಾಮಾನ್ಯವಾಗಿ ಗಂಡೇ, ಆದರೆ ಪಾಳಿ ಬದಲಾದಾಗ ಅದು ಹೆಣ್ಣೂ ಆಗಿರಬಹುದು ಎಂಬುದು ನೆನಪಿರಲಿ. ಇದಕ್ಕೆ ವ್ಯತಿರಿಕ್ತವಾಗಿ, ಸತತ ಮೂರು ನಾಲ್ಕು ಬೆಳಗು ಕೂತರೂ ಗಂಡು ಬಂಡೆಗೆ ಬೇಟೆ ತರುವುದು ಕಾಣದಿದ್ದರೆ, ತಂದರೂ ತಾನೇ ತಿಂದು ಮುಗಿಸುತ್ತಿದ್ದರೆ, ಯಾವ ಪೊಟರೆಯೊಳಗೂ ಹೋಗದೆ ದಿನವಿಡೀ ಹೊರಗೇ ಕೂತಿದ್ದರೆ, ಆಗ ಏನೋ ಕೆಟ್ಟಿದೆ ಎಂದು ತಿಳಿಯಬಹುದು.

ಎಲ್ಲಿ ಕೂರಬೇಕು ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ, ಏಕೆಂದರೆ ತಪ್ಪಾಗುವುದು ಅಲ್ಲಿಯೇ. ನನ್ನ ನಿಯಮ ಸರಳ: ಎಂದೂ ಗೂಡಿಗಿಂತ ಮೇಲೆ ಇರಬಾರದು, 400 ಮೀಟರಿಗಿಂತ ಹತ್ತಿರ ಹೋಗಬಾರದು. ಬಂಡೆಯಲ್ಲಿ ಗೂಡು ಮಾಡುವ ಬೇಟೆಹಕ್ಕಿಗಳು ಕೆಳಗೆ ನಡೆದಾಡುವ ಮನುಷ್ಯನನ್ನು ಒಂದು ಮಟ್ಟಿಗೆ ಸಹಿಸಿಕೊಳ್ಳುತ್ತವೆ. ತಲೆಯ ಮೇಲೆ ಮನುಷ್ಯನ ಆಕಾರ ಕಂಡರೆ ಸಹಿಸುವುದಿಲ್ಲ. ಹಗ್ಗ ಬೇಡವೆಂದದ್ದಕ್ಕೆ ಮೊದಲ ಕಾರಣ ಇದೇ. ನಿಮ್ಮ ಬೆಟ್ಟದ ಎದುರಿಗೆ ಹೊಲಗಳಿವೆ ಎಂದು ಬರೆದಿದ್ದೀರಿ. ಬದುವಿನ ಮೇಲೆ ಒಂದು ಹುಣಸೆಮರವಿದ್ದರೆ ಅದರ ಬುಡಕ್ಕಿಂತ ಒಳ್ಳೆಯ ಜಾಗ ಬೇಡ. ನೆರಳೂ ಆಯಿತು, ನಿಮ್ಮ ಆಕಾರ ಕಾಂಡಕ್ಕೆ ಅಂಟಿಕೊಂಡು ಮರೆಯಾದಂತೆಯೂ ಆಯಿತು. ಹೊಲದ ಯಜಮಾನರನ್ನು ಕೇಳಿ ಕೂರಿ, ಕಡಲೆಕಾಯಿ ಕಿತ್ತು ಹೊಲ ಖಾಲಿಯಿದ್ದರೂ ಕೇಳಿಯೇ ಕೂರಿ. ದಿನವೂ ಅದೇ ಜಾಗ, ಅದೇ ದಾರಿ, ಅದೇ ಮಾಸಲು ಬಣ್ಣದ ಅಂಗಿ ಇರಲಿ. ಬೆಟ್ಟದ ಬುಡದಲ್ಲಿ ಮೇಕೆ ಕಾಯುವವರು ಹಾದುಹೋದರೆ ತಲೆಯೆತ್ತದ ಹಕ್ಕಿ, ಅದೇ ಜಾಗದಲ್ಲಿ ನಿಂತು ತನ್ನತ್ತ ದಿಟ್ಟಿಸುವ ಹೊಸಬರನ್ನು ಕಂಡು ಕೂಗಿಕೊಂಡು ಮೇಲೇಳುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಬೆಳಕಿನ ವಿಷಯದಲ್ಲಿ, ಬಂಡೆ ಪೂರ್ವಕ್ಕೆ ಮುಖ ಮಾಡಿದ್ದರೆ ಬೆಳಗ್ಗೆ ನೋಡಿ, ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಪಶ್ಚಿಮಕ್ಕಿದ್ದರೆ ನಾಲ್ಕೂವರೆಯ ಮೇಲೆ ಸಂಜೆ ನೋಡಿ. 8×42 ಬೈನಾಕ್ಯುಲರ್ ಈ ಕೆಲಸಕ್ಕೆ ಸಾಕು. ಅದರಲ್ಲಿ ಹಕ್ಕಿಯ ಕಣ್ಣಿನ ಸುತ್ತಲ ಹಳದಿ ಉಂಗುರ ಕಾಣುವುದಿಲ್ಲ, ಆದರೆ ಯಾರು ಬಂದರು, ಯಾರು ಹೋದರು, ಎಷ್ಟು ಹೊತ್ತಿಗೆ ಎಂಬುದೆಲ್ಲ ಕಾಣುತ್ತದೆ. ಟ್ರೈಪಾಡ್ ಮೇಲೆ ನಿಲ್ಲಿಸುವ ಸ್ಪಾಟಿಂಗ್ ಸ್ಕೋಪ್ ಯಾರಿಂದಲಾದರೂ ಎರವಲು ಸಿಕ್ಕರೆ ಮರಿಗಳ ಕಾಲಕ್ಕೆ ಉಪಯೋಗಕ್ಕೆ ಬರುತ್ತದೆ. ಹತ್ತು ಗಂಟೆಯ ಮೇಲೆ ಬಂಡೆ ಕಾದು ಗಾಳಿ ನಡುಗತೊಡಗಿದರೆ ಎಷ್ಟು ದೊಡ್ಡ ಲೆನ್ಸೂ ನಿರುಪಯೋಗಿ, ಮನೆಗೆ ಹೋಗಿ ಊಟ ಮಾಡುವುದು ಒಳ್ಳೆಯದು.

ಒಂದು ಎಚ್ಚರಿಕೆ ಹಕ್ಕಿಯ ಸಲುವಾಗಿ ಅಲ್ಲ, ನಿಮ್ಮ ಸಲುವಾಗಿ. ಚಾಣಕ್ಕೆ ಒಪ್ಪುವ ಬಂಡೆಯೇ ಹೆಜ್ಜೇನಿಗೂ ಒಪ್ಪುತ್ತದೆ. ಮುಂಚಾಚಿದ ಬಂಡೆಯ ಅಡಿಯಲ್ಲಿ ಕಪ್ಪು ಮೊರಗಳಂತೆ ನೇತಾಡುತ್ತಿರುವುದನ್ನು ಬೈನಾಕ್ಯುಲರಿನಲ್ಲಿ ಮೊದಲೇ ಎಣಿಸಿಕೊಳ್ಳಿ, ಅವುಗಳ ನೇರಕ್ಕೆ ಕೆಳಗೆ ಹೋಗಬೇಡಿ, ಬೀಡಿ ಸೇದುವವರನ್ನು ಜೊತೆಗೆ ಕರೆದೊಯ್ಯಬೇಡಿ. ಹೆಜ್ಜೇನು ಎದ್ದರೆ ಓಡುವುದಕ್ಕೆ ಬಂಡೆಯ ಬುಡದಲ್ಲಿ ಜಾಗವಿರುವುದಿಲ್ಲ.

ಹತ್ತಿರ ಹೋದರೆ ಆಗುವುದೇನು ಎಂಬುದನ್ನು ನನ್ನದೇ ತಪ್ಪಿನಿಂದ ಹೇಳಬೇಕು. ಹಕ್ಕಿ ನೋಡುವ ಹುಚ್ಚು ಹೊಸದಾಗಿದ್ದ ಕಾಲದಲ್ಲಿ ಚಿಕ್ಕಬಳ್ಳಾಪುರದ ಕಡೆಯ ಒಂದು ಬೆಟ್ಟದಲ್ಲಿ, ಮಾರ್ಚ್ ಮೊದಲ ವಾರ, ಮೊಟ್ಟೆಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಪಕ್ಕದ ಕೋಡಿನ ಮೇಲೆ ಹತ್ತಿದೆ. ಹೆಣ್ಣು ‘ಕ್ಯಾಕ್-ಕ್ಯಾಕ್-ಕ್ಯಾಕ್’ ಎಂದು ಒರಲುತ್ತ ಹೊರಬಿದ್ದು ನನ್ನ ತಲೆಯ ಮೇಲೆ ಸುತ್ತತೊಡಗಿತು. ಕೆಂಗಂದು ಬಣ್ಣದ ಮೂರು ಮೊಟ್ಟೆಗಳು ಗರಸಿನ ಮೇಲೆ ಕಂಡವು, ನನಗೆ ಸಂತೋಷವಾಯಿತು. ಕೂಡಲೇ ಇಳಿಯಬೇಕಿತ್ತು, ಕ್ಯಾಮೆರಾ ತೆಗೆದೆ, ಕಾಲಿಗೆ ಜಾಗ ಹುಡುಕಿದೆ, ಒಟ್ಟು ನಲವತ್ತು ನಿಮಿಷವಾಯಿತು. ಹೊತ್ತು ಹನ್ನೊಂದೂವರೆ, ಬಿಸಿಲು ನೇರವಾಗಿ ಆ ಅಂಚಿನ ಮೇಲೆ ಬೀಳುತ್ತಿತ್ತು. ನಮ್ಮ ಸೀಮೆಯಲ್ಲಿ ಕಾವು ಎಂದರೆ ಬೆಚ್ಚಗಿಡುವುದಷ್ಟೇ ಅಲ್ಲ, ಮಧ್ಯಾಹ್ನದ ಬಿಸಿಲಿನಿಂದ ಮೊಟ್ಟೆಯನ್ನು ಮರೆಮಾಡುವುದೂ ಹೌದು. ತಣ್ಣಗಾದ ಮೊಟ್ಟೆ ಸ್ವಲ್ಪ ಹೊತ್ತು ತಾಳಿಕೊಂಡೀತು, ಕಾದ ಬಂಡೆಯ ಮೇಲೆ ಬಿಸಿಯೇರಿದ ಮೊಟ್ಟೆಯೊಳಗಿನ ಜೀವ ತಾಳಿಕೊಳ್ಳದು. ಒಂದು ತಿಂಗಳ ಮೇಲೂ ಆ ಹೆಣ್ಣು ಒಡೆಯದ ಮೊಟ್ಟೆಗಳ ಮೇಲೆ ಕೂತೇ ಇತ್ತು, ಆಮೇಲೆ ಬಿಟ್ಟುಹೋಯಿತು. ಕಾರಣ ನಾನೇ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂದು ತೆಗೆದ ಫೋಟೊ ಈಗಲೂ ಇದೆ, ಯಾರಿಗೂ ತೋರಿಸಿಲ್ಲ.

ಡ್ರೋನು ಹಗ್ಗಕ್ಕಿಂತ ಸೌಮ್ಯವೆಂದು ನಿಮ್ಮ ಸ್ನೇಹಿತರು ವಾದಿಸಬಹುದು. ಹಕ್ಕಿಗೆ ಅದು ತನ್ನ ಗೂಡಿಗೆ ನುಗ್ಗಿದ ಇನ್ನೊಂದು ಬೇಟೆಹಕ್ಕಿ. ಅದು ಡ್ರೋನಿನ ಮೇಲೆ ಎರಗಿದರೆ ತಿರುಗುವ ಅಲಗುಗಳಿಗೆ ಸಿಕ್ಕು ರೆಕ್ಕೆ ಕಳೆದುಕೊಳ್ಳುತ್ತದೆ. ಎರಗದಿದ್ದರೂ ಗಾಬರಿಯಿಂದ ಏಳುವಾಗ ಮೊಟ್ಟೆಯನ್ನು ಕಾಲಿನಿಂದ ಹೊರಳಿಸಿ ಅಂಚಿನಿಂದ ಕೆಡವಬಹುದು. ಇದರ ಮೇಲೆ ಕಾನೂನಿನ ಮಾತೂ ಇದೆ. ಪೆರೆಗ್ರಿನ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ, ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ಆ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆ, ಜೊತೆಗೆ ದಂಡ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಡ್ರೋನಿನ ಸ್ನೇಹಿತರಿಗೆ ಓದಿ ಹೇಳಲು ಒಂದು ಸಾಲು ಬೇಕಾಗಬಹುದೆಂದು ಬರೆದೆ.

ಇನ್ನು ನಿಮ್ಮ ಜೋಡಿಯ ಪಂಚಾಂಗವನ್ನು ಲೆಕ್ಕ ಹಾಕೋಣ. ಪೆರೆಗ್ರಿನ್ ಮೊಟ್ಟೆಗೆ 29ರಿಂದ 33 ದಿನ ಕಾವು ಬೇಕು. ಹೆಣ್ಣು ಫೆಬ್ರವರಿ 5ರಂದು ಪೂರ್ತಿ ಕೂತಿದೆ ಎಂದಿಟ್ಟುಕೊಂಡರೆ, ಒಂದೆರಡು ದಿನ ಅತ್ತ ಇತ್ತ ಬಿಟ್ಟು, ಮಾರ್ಚ್ 6ರಿಂದ 12ರ ಒಳಗೆ ಮೊಟ್ಟೆ ಒಡೆಯಬೇಕು. ಇದನ್ನು ನೀವು ನೋಡುವುದು ಮರಿಗಳಿಂದ ಅಲ್ಲ, ಅಪ್ಪನಿಂದ. ದಿನಕ್ಕೆ ಒಂದೋ ಎರಡೋ ಬಾರಿ ಬೇಟೆ ತರುತ್ತಿದ್ದ ಗಂಡು ಇದ್ದಕ್ಕಿದ್ದಂತೆ ಮೂರು ನಾಲ್ಕು ಬಾರಿ ತರತೊಡಗುತ್ತದೆ. ಅದೂ ಗೊರವಂಕ, ಬಾನಾಡಿ, ಬೆಳವದಂಥ ಸಣ್ಣ ಹಕ್ಕಿಗಳನ್ನು, ಅರೆಬರೆ ಪುಕ್ಕ ಕಿತ್ತು. ಹೆಣ್ಣು ಅದನ್ನು ಹೊರಗೆ ತಿನ್ನದೆ ಒಳಗೆ ಒಯ್ಯುತ್ತದೆ. ಬೇಟೆಯನ್ನು ಒಳಗೆ ಒಯ್ದ ಮೊದಲ ದಿನವೇ ಮೊಟ್ಟೆ ಒಡೆದ ದಿನವೆಂದು ಬರೆದುಕೊಳ್ಳಿ, ಹೆಚ್ಚೆಂದರೆ ಒಂದು ದಿನ ತಪ್ಪೀತು. ಹೆಣ್ಣು ಒಂದು ಕಡೆಗೆ ವಾಲಿ ತಲೆಯನ್ನು ಮೆಲ್ಲಗೆ ತಗ್ಗಿಸಿ ಎತ್ತುತ್ತಿದ್ದರೆ ಅದು ಗುಕ್ಕು ಕೊಡುತ್ತಿದೆ. ಹಾಗೆ ಗುಕ್ಕು ಕೊಡುವಾಗಿನ ಅದರ ನಿಧಾನವನ್ನು ನೋಡಿದರೆ ಇಂಥ ಕೊಕ್ಕೇ ಗಿಳಿಯ ಕತ್ತು ಮುರಿಯುತ್ತದೆಂದು ನಂಬುವುದು ಕಷ್ಟ.

ಮೊದಲ ಹತ್ತು ಹನ್ನೆರಡು ದಿನ ಮರಿಗಳು ಬಿಳಿ ತುಪ್ಪುಳದ ಮುದ್ದೆಗಳು, ತಮ್ಮ ಮೈಯ ಬಿಸಿಯನ್ನು ತಾವೇ ಕಾಯ್ದುಕೊಳ್ಳಲಾರವು. ಹೆಣ್ಣು ಮೇಲೆ ಕೂತಿರುತ್ತದೆ ಅಥವಾ ಬಿಸಿಲಿಗೆ ರೆಕ್ಕೆ ಹರಡಿ ಕೊಡೆ ಹಿಡಿದಿರುತ್ತದೆ. ಈ ದಿನಗಳೂ ಕಾವಿನ ದಿನಗಳಷ್ಟೇ ನಾಜೂಕು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ಅದರ ಬೆನ್ನಿಗೇ ನಮ್ಮ ಬೆಟ್ಟಗಳಲ್ಲಿ ಜಾತ್ರೆಗಳೂ ಕಾಳ್ಗಿಚ್ಚೂ ಒಟ್ಟಿಗೆ ಬರುತ್ತವೆ. ಜಾತ್ರೆಯ ಜನ ತಮ್ಮ ಮೆಟ್ಟಿಲ ದಾರಿಯಲ್ಲಿ ಹೋಗಿ ಬರುತ್ತಾರೆ, ಹಕ್ಕಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಬೋದೆ ಹುಲ್ಲಿಗೆ ಬೆಂಕಿ ಇಡುವುದು ಬೇರೆಯೇ ಮಾತು. ಹೊಗೆ ಬಂಡೆಯ ಮುಖಕ್ಕೆ ಅಡರಿ ಗೂಡು ಬಿಡುವಂತೆ ಮಾಡುತ್ತದೆ. ಬೆಟ್ಟದಲ್ಲಿ ಬೆಂಕಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ.

ಮೂರು ವಾರದ ಮೇಲೆ ತುಪ್ಪುಳದ ನಡುವೆ ಕಂದು ಗರಿಗಳು ಚುಕ್ಕೆ ಚುಕ್ಕೆಯಾಗಿ ಮೂಡುತ್ತವೆ, ಮರಿಗಳು ಅಂಚಿನ ತುದಿಯವರೆಗೆ ಬರುತ್ತವೆ. ಆಗ ನಿಮ್ಮ ಹುಣಸೆಮರದಿಂದಲೇ ಎಣಿಸಬಹುದು. ಆ ಹೊತ್ತಿಗೆ ಹೆಣ್ಣೂ ಬೇಟೆಗೆ ಹೊರಡುತ್ತದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಬರಬೇಕೆಂದಿದ್ದರೆ ಇದೇ ಸರಿಯಾದ ಕಾಲ, ಒಮ್ಮೆಗೆ ನಾಲ್ಕೈದು ಮಂದಿ ಮೀರದಂತೆ. ಶಾಹೀನ್ ಮರಿ ಗೂಡು ಬಿಡಲು ಸುಮಾರು 48 ದಿನ ಬೇಕು, ಹೀಗಾಗಿ ನಿಮ್ಮವು ಏಪ್ರಿಲ್ ಕೊನೆಯ ವಾರದ ಆಸುಪಾಸಿನಲ್ಲಿ, ಭರಣಿ ಮಳೆ ಹುಟ್ಟುವ ಹೊತ್ತಿಗೆ, ಹಾರಬೇಕು. ಹಾರಿದ ಮರಿಯನ್ನು ತಾಯಿಯೆಂದು ತಪ್ಪು ತಿಳಿಯಬೇಡಿ: ಮರಿಗೆ ಎದೆಯ ಮೇಲೆ ಉದ್ದುದ್ದ ಗೆರೆಗಳು, ಕೊಕ್ಕಿನ ಬುಡವೂ ಕಣ್ಣಿನ ಉಂಗುರವೂ ನೀಲಿ ಬೂದು, ದೊಡ್ಡದಕ್ಕೆ ಹೊಟ್ಟೆಯ ಮೇಲೆ ಸಣ್ಣ ಅಡ್ಡಪಟ್ಟೆ, ಕೊಕ್ಕಿನ ಬುಡ ಹಳದಿ. ಮೊದಲ ಹಾರಾಟದಲ್ಲಿ ಒಂದು ಮರಿ ಗುರಿ ತಪ್ಪಿ ಬುಡದ ಪೊದೆಗೆ ಬೀಳುವುದು ಅಪರೂಪವಲ್ಲ. ಗಾಯವಿಲ್ಲದಿದ್ದರೆ ದೂರದಿಂದ ಕಾಯಿರಿ, ತಾಯಿ ತಂದೆಯರು ಅಲ್ಲಿಗೇ ಆಹಾರ ತರುತ್ತಾರೆ. ನಾಯಿ, ಮುಂಗುಸಿಯ ಭಯವಿದ್ದರೆ ಮಾತ್ರ ಒಂದು ಟವೆಲ್ ಹೊದಿಸಿ ಎತ್ತಿ ಹತ್ತಿರದ ಎತ್ತರದ ಕಲ್ಲಿನ ಮೇಲೆ ಬಿಟ್ಟು ಬನ್ನಿ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು ಮನೆಗೆ ಒಯ್ದು ಕೋಳಿಮಾಂಸ ತಿನ್ನಿಸಿ ಸಾಕುವಂತಿಲ್ಲ.

ಪಾರಿವಾಳ ಸಾಕುವವರ ಸಿಟ್ಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ವರ್ಷಗಟ್ಟಲೆ ಕಾಳು ಹಾಕಿ, ಶಿಳ್ಳೆಗೆ ಇಳಿಯುವಂತೆ ಪಳಗಿಸಿದ ಹಕ್ಕಿ ಕಣ್ಣೆದುರಿಗೆ ಪುಕ್ಕದ ಮೋಡವಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಅವರ ಬಳಿ ಹೋಗಿ ಕಾಯ್ದೆ ಓದಬೇಡಿ; ಚಾಣ ಬೇಟೆಯಾಡುವ ಹೊತ್ತನ್ನು ಹೇಳಿ. ಅದು ಹೆಚ್ಚಾಗಿ ಬೇಟೆಯಾಡುವುದು ನಸುಕಿನಲ್ಲಿ ಮತ್ತು ಸಂಜೆ. ಮಾರ್ಚ್ ಮತ್ತು ಏಪ್ರಿಲ್ ಎರಡು ತಿಂಗಳು ಪಾರಿವಾಳಗಳನ್ನು ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ, ಸಂಜೆ ನಾಲ್ಕರೊಳಗೆ, ಸಾಧ್ಯವಾದರೆ ಬೆಟ್ಟದ ವಿರುದ್ಧ ದಿಕ್ಕಿಗೆ ಹಾರಿಸಿದರೆ ನಷ್ಟ ಬಹಳಷ್ಟು ತಗ್ಗುತ್ತದೆ. ಒಂದೊಂದೇ ಹಾರಿಸುವುದಕ್ಕಿಂತ ಗುಂಪಾಗಿ ಹಾರಿಸುವುದು ಮೇಲು, ಏಕೆಂದರೆ ಚಾಣ ಗುಂಪಿನಿಂದ ಬೇರ್ಪಟ್ಟದ್ದನ್ನೇ ಆರಿಸಿಕೊಳ್ಳುತ್ತದೆ. ಪಾರಿವಾಳದ ಮೈಗೆ ವಿಷ ಸವರಿ ಬಿಡುವ ದುರ್ಬುದ್ಧಿ ಕೆಲವೆಡೆ ಕೇಳಿಬಂದದ್ದುಂಟು. ಅಂಥ ಮಾತು ನಿಮ್ಮೂರಲ್ಲಿ ಕಿವಿಗೆ ಬಿದ್ದರೆ ಮೊದಲು ಹಿರಿಯರೊಬ್ಬರ ಮೂಲಕ ಬುದ್ಧಿ ಹೇಳಿಸಿ, ಕೇಳದಿದ್ದರೆ ಇಲಾಖೆಗೆ ತಿಳಿಸಿ.

ವಿಷದ ಮಾತು ಬಂದದ್ದರಿಂದ, ನಿಮ್ಮ ತರಗತಿಗೆ ಉಪಯೋಗವಾದೀತೆಂದು ಒಂದು ಸಂಗತಿ. ಎರಡನೆಯ ಮಹಾಯುದ್ಧದ ನಂತರ ಯುರೋಪು, ಅಮೆರಿಕಗಳಲ್ಲಿ ಪೆರೆಗ್ರಿನ್‌ಗಳು ಬಂಡೆ ಬಂಡೆಯೇ ಖಾಲಿಯಾಗುವಂತೆ ಅಳಿದವು. ಗುಂಡು ಹೊಡೆದದ್ದು ಇದಕ್ಕೆ ಮುಖ್ಯ ಕಾರಣವಾಗಿರಲಿಲ್ಲ. ಹೊಲಕ್ಕೆ ಹೊಡೆದ ಡಿಡಿಟಿ ಎಂಬ ಕೀಟನಾಶಕ ಹುಳುವಿನಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಚಾಣಕ್ಕೆ ಏರುತ್ತ ಸಾಂದ್ರವಾಗಿ, ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿ, ಕಾವು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುವಂತೆ ಮಾಡಿತ್ತು. ಹಳೆಯ ಸಂಗ್ರಹಗಳ ಚಿಪ್ಪುಗಳನ್ನು ಹೊಸವುಗಳೊಡನೆ ತೂಗಿ ನೋಡಿ ಬ್ರಿಟನ್ನಿನ ವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್ 1967ರಲ್ಲಿ ಇದನ್ನು ತೋರಿಸಿದರು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು, 1999ರ ಹೊತ್ತಿಗೆ ಹಕ್ಕಿ ಅಲ್ಲಿಯ ಅಪಾಯದ ಪಟ್ಟಿಯಿಂದ ಹೊರಬಂತು. ಅಷ್ಟು ದೊಡ್ಡ ಕಾರಣ ಹೊರಬಿದ್ದದ್ದು ಚಿಪ್ಪಿನ ತೂಕವನ್ನು ಬರೆದಿಟ್ಟುಕೊಂಡವರಿಂದ. ನಿಮ್ಮ ಟಿಪ್ಪಣಿಯಲ್ಲೂ ತಾರೀಖು, ಕೂತ ಮತ್ತು ಎದ್ದ ಸಮಯ, ಗಾಳಿ, ಮೋಡ, ತಂದ ಬೇಟೆ, ಪಾಳಿ ಬದಲಾದ ನಿಮಿಷ ಇರಲಿ. ಏನೂ ಕಾಣದ ಬೆಳಗನ್ನೂ ‘ಏನೂ ಇಲ್ಲ’ ಎಂದು ಬರೆಯಿರಿ. ಬಂಡೆಯ ಒಂದು ಚಿತ್ರವನ್ನು ಕೈಯಲ್ಲೇ ಬಿಡಿಸಿಕೊಂಡು ಕೂರುಗಲ್ಲುಗಳಿಗೆ ಅ, ಆ, ಇ ಎಂದು ಹೆಸರಿಟ್ಟರೆ ಬರೆಯುವುದು ಅರ್ಧಕ್ಕರ್ಧ ಸುಲಭವಾಗುತ್ತದೆ. ಅಂಚಿನ ಕೆಳಗೆ ಉದುರಿದ ಪುಕ್ಕಗಳನ್ನೂ ಎಲುಬುಗಳನ್ನೂ ನೋಡಬೇಕೆಂದಿದ್ದರೆ ಮರಿಗಳು ಬೆಟ್ಟ ಬಿಟ್ಟ ಮೇಲೆ, ಜುಲೈನಲ್ಲಿ ಹೋಗಿ ನೋಡಿ.

ಕೊನೆಗೆ ಬೆಟ್ಟದ ಹೆಸರಿನ ವಿಷಯ. ನಂದಿ, ಮಧುಗಿರಿ, ದೇವರಾಯನದುರ್ಗದಂಥ ಎಲ್ಲರೂ ಬಲ್ಲ ಬೆಟ್ಟಗಳಿಗೆ ರಜಾದಿನ ಎಷ್ಟು ಜನ ಬರುತ್ತಾರೆಂಬುದು ನಿಮಗೂ ಗೊತ್ತು. ಅಲ್ಲಿಯ ಹಕ್ಕಿಗಳು ಆ ಗದ್ದಲಕ್ಕೆ ಹೇಗೋ ಹೊಂದಿಕೊಂಡಿವೆ. ನಿಮ್ಮ ಬೆಟ್ಟದ ಜೋಡಿ ಹೊಂದಿಕೊಂಡಿಲ್ಲ. ಚಾಣ ಒಮ್ಮೆ ಒಪ್ಪಿದ ಬಂಡೆಗೆ ವರ್ಷವರ್ಷವೂ ಮರಳುತ್ತದೆ, ಒಂದು ಜೋಡಿ ಅಳಿದರೆ ಇನ್ನೊಂದು ಬಂದು ಅದೇ ಅಂಚನ್ನು ಹಿಡಿಯುತ್ತದೆ. ಹಾಗಾಗಿ ಒಮ್ಮೆ ಹರಡಿದ ಸುದ್ದಿಯ ಪೆಟ್ಟು ಒಂದು ವರ್ಷಕ್ಕೆ ಮುಗಿಯುವುದಿಲ್ಲ. ಫೋನಿನಲ್ಲಿ ತೆಗೆದ ಚಿತ್ರದೊಳಗೆ ಜಾಗದ ಗುರುತು ಅಡಗಿರುತ್ತದೆ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮೊದಲು ಅದನ್ನು ತೆಗೆಯಿರಿ. ಮರಿ ಹಾರುವವರೆಗೆ ಹಾಕದಿದ್ದರೆ ಇನ್ನೂ ಒಳ್ಳೆಯದು. ಹೆಸರನ್ನು ತಿಳಿಸಲೇಬೇಕಾದವರು ನಿಮ್ಮ ವಲಯ ಅರಣ್ಯಾಧಿಕಾರಿ ಒಬ್ಬರೇ, ಅದನ್ನು ಬರಹದಲ್ಲೇ ತಿಳಿಸಿ. ಆ ಬೆಟ್ಟದ ಪಕ್ಕಕ್ಕೆ ನಾಳೆ ಕಲ್ಲು ಕ್ವಾರಿಗೆ ಯಾರಾದರೂ ಅರ್ಜಿ ಹಾಕಿದರೆ, ಅಲ್ಲಿ ಮೊದಲನೆಯ ಅನುಸೂಚಿಯ ಹಕ್ಕಿ ಮರಿ ಮಾಡುತ್ತಿದೆ ಎಂಬ ತಾರೀಖು ಸಹಿತದ ಕಾಗದ ಕಡತದಲ್ಲಿ ಇರಬೇಕು.

ಈ ವಾರ ಎರಡು ಬೆಳಗು ಕೂತು ನೋಡಿ. ಆಮೇಲೆ ಮಾರ್ಚ್ ಎರಡನೆಯ ವಾರ ಗಂಡು ದಿನಕ್ಕೆ ಎಷ್ಟು ಬಾರಿ ಬೇಟೆ ತರುತ್ತಿದೆ, ಹೆಣ್ಣು ಅದನ್ನು ಹೊರಗೆ ತಿನ್ನುತ್ತಿದೆಯೇ ಒಳಗೆ ಒಯ್ಯುತ್ತಿದೆಯೇ ಎಂಬುದನ್ನು ಬರೆದು ತಿಳಿಸಿ. ಬೆಟ್ಟದ ಹೆಸರು ಬರೆಯುವುದು ಬೇಡ, ನನಗೆ ನೆನಪಿದೆ.